ಸಹಾಯ ಬೇಕು: ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಈಗ ಎಕ್ಸ್‌ರೇ ಎಲ್ಲಿ ಸಿಗುತ್ತೆ?

ಅಮ್ಮ ಸಂಜೆ ಬಚ್ಚಲಲ್ಲಿ ಜಾರಿ, ಬಲಗೈ ಊರಿಕೊಂಡು ಬಿದ್ದರು. ಮಣಿಕಟ್ಟು ಊದಿದೆ, ಸೊಟ್ಟಗೆ ಕಾಣುತ್ತಿದೆ. ಮುಟ್ಟಿದರೆ ಚೀರುತ್ತಾರೆ. ಮೂಳೆ ಮುರಿದಿದೆ ಅಂತಲೇ ನನ್ನ ಅನುಮಾನ. ಬೆರಳುಗಳು ಆಡುತ್ತಿವೆ, ಬೆಚ್ಚಗಿವೆ, ಜೋಮು ಹಿಡಿದಿಲ್ಲ. ಊತ ಜಾಸ್ತಿ ಆಗುವ ಮೊದಲೇ ಸೋಪು ಹಚ್ಚಿ ಬಳೆ ತೆಗೆದೆ. ಮೊಣಕೈಯಿಂದ ಅಂಗೈವರೆಗೆ ದಪ್ಪ ರಟ್ಟು ಕೊಟ್ಟು, ತೀರಾ ಬಿಗಿ ಮಾಡದೆ ಕಟ್ಟಿ, ದುಪಟ್ಟಾದಲ್ಲಿ ಕೈ ತೂಗು ಹಾಕಿದ್ದೇನೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡುತ್ತಿದ್ದೇನೆ. ಪಕ್ಕದ ಮನೆಯವರು ಎಣ್ಣೆ ಹಚ್ಚಿ ಎಳೆಸಿ ಅಂತಾರೆ. ಬೇಡವೇ ಬೇಡ ಅಂದೆ. ಮುರಿದ ಮೂಳೆ ಎಳೆದರೆ ನರಕ್ಕೆ ಪೆಟ್ಟಾಗಬಹುದು, ಅಲ್ವಾ?

ಸ್ಟೇಷನ್ ಹತ್ತಿರ ಈ ಹೊತ್ತಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಡಾಕ್ಟರೂ ನೋಡುವ ಆಸ್ಪತ್ರೆ ಯಾವುದು? ಅಮ್ಮನಿಗೆ ಮರಾಠಿ, ಹಿಂದಿ ಬರಲ್ಲ. ಕನ್ನಡ ಬಲ್ಲ ಡಾಕ್ಟರ್ ಇದ್ದರೆ ದೊಡ್ಡ ಉಪಕಾರ. ಆಪರೇಷನ್ ಬೇಕಾಗಬಹುದು ಅಂತ ಊಟ ಕೊಟ್ಟಿಲ್ಲ. ಗೊತ್ತಿದ್ದವರು ದಯವಿಟ್ಟು ಬೇಗ ತಿಳಿಸಿ.