ಆಲ್ಬುಕರ್ಕಿಯಿಂದ ಲಾಸ್ ವೇಗಸ್‌ಗೆ ಎರಡು ದಿನ: ಅತ್ತೆ ಮಾವನ ಜೊತೆ ಎಲ್ಲೆಲ್ಲಿ ನಿಲ್ಲಿಸಲಿ?

ಹಿಂದಿನ ಸೀಟು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜುಲೈ ಮೊದಲ ವಾರ ನಾವು ಆಲ್ಬುಕರ್ಕಿಯಿಂದ ಲಾಸ್ ವೇಗಸ್‌ಗೆ ಕಾರಿನಲ್ಲಿ ಹೊರಟಿದ್ದೇವೆ. ನಾವಿಬ್ಬರು, ಏಳು ವರ್ಷದ ಮಗ, ಜೊತೆಗೆ ಅತ್ತೆ ಮಾವ. ಮ್ಯಾಪ್ ಸುಮಾರು 575 ಮೈಲಿ, ಎಂಟೂವರೆ ಗಂಟೆ ಅಂತ ತೋರಿಸುತ್ತಿದೆ. ಒಂದೇ ದಿನಕ್ಕೆ ಬೇಡ ಅಂತ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಒಂದು ರಾತ್ರಿಗೆ ರೂಮ್ ಬುಕ್ ಮಾಡಿದ್ದೇವೆ.

ಅತ್ತೆಗೆ ಮಂಡಿನೋವು. ಸಮತಟ್ಟಾಗಿದ್ದರೆ ಅರ್ಧ ಮೈಲಿ ನಡೆಯುತ್ತಾರೆ. ಮೆಟ್ಟಿಲು ಕಂಡರೆ "ನೀವು ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ" ಅನ್ನುತ್ತಾರೆ. ಮಾವನಿಗೆ ಒಂದೂವರೆ ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಮಗನಿಗೆ ಕಲ್ಲು, ರೈಲು ಇದ್ದರೆ ಸಾಕು.

ಗ್ರ್ಯಾಂಡ್ ಕ್ಯಾನ್ಯನ್ ಈ ಸಲ ಬಿಟ್ಟಿದ್ದೇವೆ, ಅದಕ್ಕೆ ಬೇರೆಯೇ ಬರುತ್ತೇವೆ. ಆದರೆ ದಾರಿಯಲ್ಲಿ ನೋಡುವಂಥದ್ದು ಅಂತ ಹುಡುಕುತ್ತಾ ಹುಡುಕುತ್ತಾ ನನ್ನ ಪಟ್ಟಿ ಹದಿನಾಲ್ಕಕ್ಕೆ ಬಂದು ನಿಂತಿದೆ. ನಮ್ಮ ಯಜಮಾನರು "ಒಂದೂ ಬೇಡ, ಸೀದಾ ಹೋಗೋಣ" ಅನ್ನುತ್ತಿದ್ದಾರೆ. ಯಾರದ್ದು ಸರಿ?

ಟ್ಯಾಂಕ್ ಫುಲ್

ಇಬ್ಬರದ್ದೂ ಸರಿಯಿಲ್ಲ 🙂 ಒಂದೇ ಒಂದು ಕಡೆ ನಿಲ್ಲಿ, ಮೀಟಿಯೋರ್ ಕ್ರೇಟರ್. ನೀವು ಹೋಗುವ ಐ-40 ಫ್ರೀವೇಯ 233ನೇ ಎಕ್ಸಿಟ್‌ನಿಂದ ಆರು ಮೈಲಿ ಒಳಗೆ. ಸುಮಾರು 50,000 ವರ್ಷದ ಹಿಂದೆ ಕಬ್ಬಿಣದ ಉಲ್ಕೆ ಬಿದ್ದು ಆದ ಗುಂಡಿ. ಮುಕ್ಕಾಲು ಮೈಲಿ ಅಗಲ, 550 ಅಡಿ ಆಳ. ಚಂದ್ರನ ಮೇಲೆ ಹೋದ ಅಪೊಲೊ ಗಗನಯಾತ್ರಿಗಳಿಗೆ ಅಲ್ಲೇ ತರಬೇತಿ ಕೊಟ್ಟಿದ್ದರು. ಹುಡುಗ ಜೀವನಪೂರ್ತಿ ಮರೆಯಲ್ಲ. ಅದು ಸರ್ಕಾರದ್ದಲ್ಲ, ಖಾಸಗಿ ಜಾಗ. ನ್ಯಾಷನಲ್ ಪಾರ್ಕ್ ಪಾಸ್ ನಡೆಯಲ್ಲ. ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ.

ಹಳೇ ರಸ್ತೆ

ನಾನು ಈ ದಾರಿಯಲ್ಲಿ ಐದು ಸಲ ಹೋಗಿದ್ದೇನೆ, ಅದರಲ್ಲಿ ಎರಡು ಸಲ ವಯಸ್ಸಾದವರ ಜೊತೆ. ಮೊದಲನೇ ಸಲ ನಿಮ್ಮ ಹಾಗೇ ಪಟ್ಟಿ ಹಿಡಿದು ಹೊರಟೆ. ಎರಡು ದಿನದಲ್ಲಿ ಹನ್ನೊಂದು ಕಡೆ ನಿಂತೆ. ಈಗ ನೆನಪಿರುವುದು ಅಮ್ಮನಿಗೆ ಹನ್ನೊಂದು ಸಲ ಸೀಟ್‌ಬೆಲ್ಟ್ ಬಿಚ್ಚಿ ಮತ್ತೆ ಹಾಕಿದ್ದು ಮಾತ್ರ.

ಆಮೇಲೆ ಒಂದು ಲೆಕ್ಕ ಮಾಡಿಕೊಂಡೆ. ದಿನಕ್ಕೆ ಒಂದೆರಡು ಸಲ ಫ್ರೀವೇ ಬಿಟ್ಟು ಪಕ್ಕದ ಹಳೇ ದಾರಿ ಹಿಡಿಯುವುದು. ಆ ದಾರಿಯೇ ನೋಡುವ ಜಾಗ. ಉಳಿದ ಕಡೆ ನಿಲ್ಲಿಸುವುದೆಲ್ಲ ಬಾತ್‌ರೂಮಿಗೆ, ಪೆಟ್ರೋಲಿಗೆ. ಇದರಿಂದ ವಯಸ್ಸಾದವರಿಗೆ ಕೂತಲ್ಲೇ ಅರ್ಧ ಊರು ನೋಡಿದ ಹಾಗಾಗುತ್ತದೆ.

ನಿಮಗೆ ಮೊದಲ ದಿನದ ದಾರಿ ನ್ಯೂ ಮೆಕ್ಸಿಕೋದ ಹೈವೇ 53. ಬೆಳಗ್ಗೆ ಏಳೂವರೆಗೆ ಹೊರಡಿ. ಗ್ರಾಂಟ್ಸ್ ಊರಲ್ಲಿ ಪೆಟ್ರೋಲ್ ತುಂಬಿಸಿ, ಎಲ್ಲರೂ ಬಾತ್‌ರೂಮ್ ಮುಗಿಸಿ, ಅಲ್ಲಿಂದ ಐ-40 ಬಿಟ್ಟು ಎಡಕ್ಕೆ ತಿರುಗಿ. ಕಪ್ಪು ಲಾವಾ ಹರಡಿದ ಬಯಲಿನ ಅಂಚಲ್ಲಿ, ಪೈನ್ ಮರಗಳ ನಡುವೆ ರಸ್ತೆ ಹೋಗುತ್ತದೆ. ನಲವತ್ತು ಚಿಲ್ಲರೆ ಮೈಲಿ ಆದ ಮೇಲೆ ಎಲ್ ಮೊರೊ ಸಿಗುತ್ತದೆ. ದೊಡ್ಡದೊಂದು ಮರಳುಗಲ್ಲಿನ ಬಂಡೆ. ಅದರ ಬುಡದಲ್ಲಿ ಮಳೆ ನೀರು, ಹಿಮ ಕರಗಿದ ನೀರು ಸೇರಿ ಆದ ಒಂದು ಕೊಳ. ಅಷ್ಟೇ.

ಆದರೆ ಆ ಒಣ ಸೀಮೆಯಲ್ಲಿ ನಂಬಿ ಬರಬಹುದಾದ ನೀರು ಅಂದರೆ ಅದೊಂದೇ. ಹಾಗಾಗಿ ದಾರಿಹೋಕರೆಲ್ಲ ಅಲ್ಲಿ ತಂಗಲೇಬೇಕಿತ್ತು. ತಂಗಿದವರು ಬಂಡೆಯ ಮೇಲೆ ಹೆಸರು ಕೆತ್ತಿ ಹೋದರು. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನ ಕೆತ್ತಿದ ಚಿತ್ರಗಳೇ ಮೊದಲಿನವು. ಆಮೇಲೆ ಸ್ಪೇನಿನವರು. 1605ರಲ್ಲಿ ಸ್ಪೇನಿನ ಗವರ್ನರ್ ಹುವಾನ್ ದೆ ಒನ್ಯಾತೆ ಬರೆಸಿದ "ಪಾಸೊ ಪೊರ್ ಅಕಿ", ಅಂದರೆ "ಇಲ್ಲಿಂದ ಹಾದುಹೋದರು" ಅನ್ನುವ ಸಾಲು ಇವತ್ತಿಗೂ ಓದಲು ಬರುತ್ತದೆ. ಇಂಗ್ಲೆಂಡಿನ ವಲಸಿಗರನ್ನು ಅಮೆರಿಕಕ್ಕೆ ತಂದ ಮೇಫ್ಲವರ್ ಹಡಗು ಬರುವುದಕ್ಕೆ ಹದಿನೈದು ವರ್ಷ ಮೊದಲಿನದು! 1857ರಲ್ಲಿ ಅಮೆರಿಕದ ಸೈನ್ಯ ಈ ಕಡೆ ಒಂಟೆಗಳನ್ನು ನಡೆಸಿಕೊಂಡು ಬಂದಿತ್ತು. ಒಂಟೆ ನೋಡಿಕೊಳ್ಳುತ್ತಿದ್ದವನ ಹೆಸರೂ ಬಂಡೆಯ ಮೇಲಿದೆ, ಅಕ್ಷರ ಅಚ್ಚು ಹಾಕಿದ ಹಾಗೆ ದುಂಡಗೆ. ಅವನಿಗೆ ಟೈಮ್ ಜಾಸ್ತಿ ಇತ್ತು ಅನಿಸುತ್ತದೆ. ನಾಲ್ಕು ನೂರು ವರ್ಷದ ರೋಡ್ ಟ್ರಿಪ್ ಸ್ಟಾಪ್ ಅಲ್ವಾ ಇದು?

ಕೊಳ ಮತ್ತು ಕೆತ್ತನೆಗಳ ಸುತ್ತು ಅರ್ಧ ಮೈಲಿ, ದಾರಿ ಚೆನ್ನಾಗಿದೆ. ನಿಮ್ಮ ಅತ್ತೆಗೆ ಅಳತೆ ಮಾಡಿದ ಹಾಗಿದೆ. ಬಂಡೆಯ ತಲೆ ಮೇಲೆ ಹೋಗುವ ಎರಡು ಮೈಲಿ ದಾರಿ ಬೇರೆ ಇದೆ, ಅದು ನಿಮ್ಮ ಯಜಮಾನರಿಗೂ ಮಗನಿಗೂ ಇರಲಿ. ಪ್ರವೇಶ ಉಚಿತ. ಒಂದೇ ಎಚ್ಚರಿಕೆ: ಸಂಜೆ ಆಫೀಸ್ ಮುಚ್ಚುವುದಕ್ಕಿಂತ ಮೊದಲೇ ಕಾಲುದಾರಿಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಒಂದು ಸಲ ನಾನು ದಾರಿಯಲ್ಲಿ ಕಾಫಿಗೆ ನಿಂತು, ತಡವಾಗಿ ಹೋಗಿ, ಬಂಡೆಯನ್ನು ಪಾರ್ಕಿಂಗ್‌ನಿಂದಲೇ ನೋಡಿ ವಾಪಸ್ ಬಂದೆ. ತೆರೆದಿರುವ ದಿನ, ಸಮಯ ಎರಡನ್ನೂ ಹಿಂದಿನ ರಾತ್ರಿ ಪಾರ್ಕ್ ಸರ್ವಿಸ್ ಪುಟದಲ್ಲಿ ನೋಡಿಕೊಳ್ಳಿ. ಜುಲೈನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ. ಬೆಳಗ್ಗೆಯೇ ಮುಗಿಸಿ.

ಅಲ್ಲಿಂದ 53ರಲ್ಲೇ ಮುಂದೆ ಹೋಗಿ 602 ಹಿಡಿದರೆ ಗ್ಯಾಲಪ್‌ನಲ್ಲಿ ಮತ್ತೆ ಐ-40. ಫ್ರೀವೇಯಲ್ಲೇ ಹೋಗುವುದಕ್ಕಿಂತ ಒಂದು ಗಂಟೆ ಹೆಚ್ಚು ಅಂದುಕೊಳ್ಳಿ. ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಊಟ ಗ್ಯಾಲಪ್‌ನಲ್ಲಿ. ಮಧ್ಯಾಹ್ನಕ್ಕೆ ಪೆಟ್ರಿಫೈಡ್ ಫಾರೆಸ್ಟ್. 311ನೇ ಎಕ್ಸಿಟ್‌ನಲ್ಲಿ ಒಳಗೆ ಹೋಗಿ, 28 ಮೈಲಿ ಪಾರ್ಕ್ ರಸ್ತೆ ಮುಗಿಸಿ ದಕ್ಷಿಣದ ಗೇಟಿನಿಂದ ಹೊರಬಿದ್ದರೆ ಹೈವೇ 180, ಅದು ಹೋಲ್‌ಬ್ರೂಕ್‌ನಲ್ಲಿ ಐ-40ಗೆ ಸೇರುತ್ತದೆ. ಪಶ್ಚಿಮಕ್ಕೆ ಹೋಗುವವರಿಗೆ ಇದೇ ಸರಿಯಾದ ದಿಕ್ಕು. ಬಂದ ದಾರಿಗೆ ವಾಪಸ್ ಹೋಗುವ ತಾಪತ್ರಯವಿಲ್ಲ. ಇದೂ ರಾತ್ರಿ ತೆರೆದಿರುವ ಪಾರ್ಕ್ ಅಲ್ಲ, ಸಂಜೆ ಗೇಟ್ ಹಾಕುತ್ತಾರೆ.

ಮಗನಿಗೆ ಕಲ್ಲು ಇಷ್ಟ ಅಂದಿರಿ. ಇಲ್ಲಿ ಮರವೇ ಕಲ್ಲಾಗಿದೆ. 20 ಕೋಟಿ ವರ್ಷಕ್ಕೂ ಹಿಂದಿನ ಮರಗಳು. ನದಿಯ ಹೂಳಿನಲ್ಲಿ ಹೂತುಹೋಗಿ, ಗಾಳಿ ತಾಗದೆ ಬೇಗ ಕೊಳೆಯಲಿಲ್ಲ. ಜ್ವಾಲಾಮುಖಿಯ ಬೂದಿಯಿಂದ ಕರಗಿ ಬಂದ ಸಿಲಿಕಾ ನೀರಿನ ಜೊತೆ ಮರದೊಳಗೆ ಇಳಿದು ಹರಳುಗಟ್ಟಿತು. ಕಬ್ಬಿಣದ ಅಂಶ ಸೇರಿದ ಕಡೆ ಕೆಂಪು, ಹಳದಿ. ದೂರದಿಂದ ನೋಡಿದರೆ ಯಾರೋ ಗರಗಸದಲ್ಲಿ ಕೊಯ್ದು ದಿಮ್ಮಿ ಉರುಳಿಸಿಟ್ಟ ಹಾಗೆ ಕಾಣುತ್ತದೆ. ಯಾರೂ ಕೊಯ್ದಿಲ್ಲ, ಕಲ್ಲಾದ ಮೇಲೆ ತಾನಾಗಿ ಸೀಳಿದ್ದು.

ಕ್ರಿಸ್ಟಲ್ ಫಾರೆಸ್ಟ್ ಸುತ್ತು ಮುಕ್ಕಾಲು ಮೈಲಿ. ಅರ್ಧಕ್ಕೇ ತಿರುಗಿ ಬಂದರೂ ನಷ್ಟವಿಲ್ಲ, ದಿಮ್ಮಿಗಳು ಶುರುವಿನಿಂದಲೇ ಇವೆ. ಬ್ಲೂ ಮೇಸಾದ ಕಾಲುದಾರಿ ಕಡಿದಾಗಿ ಇಳಿಯುತ್ತದೆ, ಅತ್ತೆಗೆ ಬೇಡ. ಕಾರಲ್ಲೇ ಸುತ್ತಿ ಮೇಲಿಂದ ನೋಡಿ. ಫ್ರೀವೇ ಬರುವ ಮೊದಲಿನ ಹೆದ್ದಾರಿ, ಹಳೇ ರೂಟ್ 66 ಹಾದುಹೋಗಿದ್ದ ಜಾಗದಲ್ಲಿ ತುಕ್ಕು ಹಿಡಿದ 1932ರ ಸ್ಟುಡಿಬೇಕರ್ ಕಾರು ನಿಲ್ಲಿಸಿದ್ದಾರೆ. ರಸ್ತೆ ಇಲ್ಲ, ಪಕ್ಕದ ಟೆಲಿಫೋನ್ ಕಂಬಗಳ ಸಾಲು ಮಾತ್ರ ಉಳಿದಿದೆ. ನಿಮ್ಮ ಮಾವ ಇಲ್ಲಿ ಫೋಟೋ ಕೇಳುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ.

ಹೊರಡುವ ಮೊದಲು ಮಗನ ಜೇಬು ನೋಡಿ. ಚೂರು ಕಲ್ಲು ತೆಗೆದುಕೊಂಡು ಹೋದರೂ ಅಪರಾಧ. ಕದ್ದವರು ವರ್ಷಗಳಾದ ಮೇಲೆ ಕ್ಷಮೆ ಕೇಳಿ ಕಾಗದ ಬರೆದು ಕಲ್ಲನ್ನು ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಾರೆ. ಆದರೆ ಎಲ್ಲಿಂದ ಎತ್ತಿದ್ದು ಅಂತ ಗೊತ್ತಿಲ್ಲದ ಕಲ್ಲನ್ನು ಮತ್ತೆ ಇಡುವುದು ಎಲ್ಲಿ? ಹಾಗಾಗಿ ಅವೆಲ್ಲ ಬೇರೆಯೇ ಒಂದು ರಾಶಿಯಾಗಿ ಬಿದ್ದಿವೆ. ಹುಡುಗನಿಗೆ ಅಷ್ಟು ಇಷ್ಟವಾದರೆ ಹೋಲ್‌ಬ್ರೂಕ್‌ನ ಕಲ್ಲಿನಂಗಡಿಗಳಲ್ಲಿ ಖಾಸಗಿ ಜಮೀನಿನಲ್ಲಿ ಸಿಕ್ಕ ತುಂಡುಗಳನ್ನು ಮಾರುತ್ತಾರೆ. ಬಿಲ್ ಇಟ್ಟುಕೊಳ್ಳಿ.

ಎರಡನೇ ದಿನ ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗೆ ಹಳೇ ರೂಟ್ 66. 87 ಮೈಲಿ, ಅಗಲವಾದ ಬಯಲು. 1978ರ ಸೆಪ್ಟೆಂಬರ್ 22ಕ್ಕೆ ಊರನ್ನು ಬಳಸಿ ಹೋಗುವ ಐ-40ರ ಭಾಗ ತೆರೆದ ದಿನ ಸೆಲಿಗ್ಮನ್‌ನಲ್ಲಿ ಗಾಡಿಗಳು ನಿಂತೇ ಹೋದವು. ಆ ಊರಲ್ಲಿ ಕಟಿಂಗ್ ಅಂಗಡಿ ನಡೆಸುತ್ತಿದ್ದ ಏಂಜೆಲ್ ಡೆಲ್ಗಾಡಿಯೊ ಮತ್ತು ಊರವರು 1987ರಲ್ಲಿ ಸಂಘ ಕಟ್ಟಿ, ಇದನ್ನು ಐತಿಹಾಸಿಕ ರಸ್ತೆ ಅಂತ ಸರ್ಕಾರದಿಂದ ಘೋಷಣೆ ಮಾಡಿಸಿದರು. ಊರು ಈಗ ಸ್ವಲ್ಪ ಜಾಸ್ತಿಯೇ ಬಣ್ಣ ಬಳಿದುಕೊಂಡಿದೆ, ಅರ್ಧ ಗಂಟೆ ಸಾಕು. ನಿಜವಾದ ಮಜಾ ಊರು ದಾಟಿದ ಮೇಲೆ. ರಸ್ತೆ ಬದಿ ಚಿಕ್ಕ ಚಿಕ್ಕ ಕೆಂಪು ಹಲಗೆಗಳಲ್ಲಿ ಶೇವಿಂಗ್ ಕ್ರೀಮಿನ ಹಳೇ ಜಾಹೀರಾತಿನ ಪದ್ಯ ಇರುತ್ತದೆ, ಒಂದು ಹಲಗೆಗೆ ಒಂದೇ ಸಾಲು. ಮಗನಿಗೆ ಓದುವ ಕೆಲಸ ಕೊಡಿ. ಮುಂದೆ ರೈಲು ಹಳಿ ಪಕ್ಕದಲ್ಲೇ ಬರುತ್ತದೆ. ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಾ ನನ್ನ ಮಗಳು ನೂರು ದಾಟಿದ ಮೇಲೆ ಬಿಟ್ಟುಬಿಟ್ಟಳು.

ಮೀಟಿಯೋರ್ ಕ್ರೇಟರ್ ಬಗ್ಗೆ: ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಎಲ್ ಮೊರೊ, ಪೆಟ್ರಿಫೈಡ್ ಫಾರೆಸ್ಟ್ ಜೊತೆ ಅದನ್ನೂ ಒಂದೇ ದಿನಕ್ಕೆ ತುರುಕಿದರೆ ಸಂಜೆ ಬಾಗಿಲು ಹಾಕಿದ ಮೇಲೆ ತಲುಪುತ್ತೀರಿ.

ಟ್ಯಾಂಕ್ ಫುಲ್

ಇಷ್ಟುದ್ದ ಬರೆದು ನನ್ನ ಗುಂಡಿಯನ್ನು ಮುಚ್ಚಿಬಿಟ್ಟಿರಿ ಸರ್ 😄 ಸರಿ, ಎರಡನೇ ದಿನ ಕಿಂಗ್‌ಮನ್‌ನಿಂದ ಓಟ್‌ಮನ್‌ಗೆ ಹೋಗಿ ಬರಲಿ ಬಿಡಿ. ಚಿನ್ನದ ಗಣಿಯ ಹಳೇ ಊರು. ಗಣಿ ಕೆಲಸದವರು ಬಿಟ್ಟುಹೋದ ಕತ್ತೆಗಳ ಸಂತತಿ ಬೀದಿಯಲ್ಲೇ ಓಡಾಡಿಕೊಂಡಿವೆ. ಕಾರಿನ ಕಿಟಕಿಗೆ ಮೂತಿ ಇಡುತ್ತವೆ.

ಹಳೇ ರಸ್ತೆ

ಕತ್ತೆಗಳು ಮುದ್ದಾಗಿವೆ, ಆದರೆ ಅಲ್ಲಿಗೆ ಹೋಗಲು ಸಿಟ್‌ಗ್ರೀವ್ಸ್ ಪಾಸ್ ಅನ್ನುವ ಘಾಟಿ ಹತ್ತಿ ಇಳಿಯಬೇಕು. ಕಿರಿದಾದ ರಸ್ತೆ, ಹೇರ್‌ಪಿನ್ ತಿರುವುಗಳು, ಬಹಳ ಕಡೆ ತಡೆಗೋಡೆ ಇಲ್ಲ. 40 ಅಡಿಗಿಂತ ಉದ್ದದ ಗಾಡಿ ಬಿಡುವುದೇ ಇಲ್ಲ. ಹಿಂದಿನ ಸೀಟಲ್ಲಿ ವಾಂತಿ ಬರುವವರು ಇದ್ದರೆ ಬೇಡ. ಮೇಲಾಗಿ ಲಾಸ್ ವೇಗಸ್ ಉತ್ತರಕ್ಕೆ, ಓಟ್‌ಮನ್ ಅದರ ಉಲ್ಟಾ ದಿಕ್ಕಿಗೆ.

ಒಂದು ಮರೆತಿದ್ದೆ. ಗಡಿಯಾರ! ಅರಿಜೋನಾದಲ್ಲಿ ಬೇಸಿಗೆಗೆ ಗಡಿಯಾರ ಮುಂದೆ ಮಾಡುವ ಪದ್ಧತಿ ಇಲ್ಲ. ನ್ಯೂ ಮೆಕ್ಸಿಕೋ ದಾಟಿದಾಗ ನಿಮಗೆ ಒಂದು ಗಂಟೆ ಬಿಟ್ಟಿ ಸಿಗುತ್ತದೆ. ಆದರೆ ಗಡಿಯ ಹತ್ತಿರ ಮೂಲನಿವಾಸಿಗಳಾದ ನವಾಹೊ ಜನರ ಸ್ವಂತ ಆಡಳಿತದ ಪ್ರದೇಶ, ನವಾಹೊ ನೇಷನ್ ಇದೆ, ಅವರು ಮಾತ್ರ ಗಡಿಯಾರ ಬದಲಿಸುತ್ತಾರೆ. ಹಾಗಾಗಿ ಫೋನ್ ಹಿಂದೆ ಮುಂದೆ ಜಿಗಿಯುತ್ತಿರುತ್ತದೆ. ಪಾರ್ಕ್ ಮುಚ್ಚುವ ಟೈಮ್ ಲೆಕ್ಕ ಹಾಕುವಾಗ ಫೋನ್ ನಂಬಬೇಡಿ. ಕೈಗಡಿಯಾರ ಒಂದಿದ್ದರೆ ಮಾವನ ಕೈಗೆ ಕಟ್ಟಿ, ಅರಿಜೋನಾ ಟೈಮ್ ಇಟ್ಟುಬಿಡಿ.

ಇನ್ನು ಸಾಯಂಕಾಲ ಪಶ್ಚಿಮಕ್ಕೆ ಓಡಿಸುತ್ತೀರಿ, ಸೂರ್ಯ ಸೀದಾ ಗಾಜಿಗೆ ಹೊಡೆಯುತ್ತಾನೆ. ಆರೂವರೆ ಒಳಗೆ ಫ್ಲ್ಯಾಗ್‌ಸ್ಟಾಫ್ ಸೇರುವ ಹಾಗೆ ನೋಡಿಕೊಳ್ಳಿ. ಆ ಊರು ಏಳು ಸಾವಿರ ಅಡಿ ಎತ್ತರದಲ್ಲಿದೆ, ಜುಲೈ ರಾತ್ರಿಗೂ ಸ್ವೆಟರ್ ಬೇಕು. ಮಾರನೇ ದಿನ ಲಾಸ್ ವೇಗಸ್‌ನಲ್ಲಿ ಅದೇ ಸ್ವೆಟರ್ ನೋಡಿದರೆ ಸಿಟ್ಟು ಬರುತ್ತದೆ.

ಹಿಂದಿನ ಸೀಟು

ಹೋಗಿ ಬಂದೆವು! ಹದಿನಾಲ್ಕರ ಪಟ್ಟಿ ಹರಿದು ಹಾಕಿ ಹಳೇ ರಸ್ತೆಯವರು ಹೇಳಿದ ಹಾಗೇ ಮಾಡಿದೆವು.

ಎಲ್ ಮೊರೊದಲ್ಲಿ ಅತ್ತೆ ಕೊಳದ ಹತ್ತಿರ ಕೂತವರು ಏಳಲೇ ಇಲ್ಲ. ಮಾವ ಒಂದೊಂದೇ ಹೆಸರು ಓದುತ್ತಾ, "ಆಗ ಬರೆದವರದ್ದನ್ನು ಕಾಪಾಡುತ್ತಾರೆ, ಈಗ ಬರೆದರೆ ದಂಡ ಹಾಕುತ್ತಾರೆ" ಅಂತ ರೇಂಜರ್‌ಗೆ ಇಂಗ್ಲಿಷ್‌ನಲ್ಲಿ ಹೇಳಿ ನಗಿಸಿದರು. ಮುಕ್ಕಾಲು ಗಂಟೆ ಅಂದುಕೊಂಡಿದ್ದು ಎರಡು ಗಂಟೆ ಆಯಿತು. ಅರಿಜೋನಾ ಕೊಟ್ಟ ಬಿಟ್ಟಿ ಗಂಟೆ ಅಲ್ಲಿಗೇ ಖರ್ಚು. ಬ್ಲೂ ಮೇಸಾ ಬಿಟ್ಟೆವು. ಸ್ಟುಡಿಬೇಕರ್ ಮುಂದೆ ಮಾವನ ಫೋಟೋ ಒಂಬತ್ತು.

ರೂಟ್ 66ರ ಪದ್ಯದ ಹಲಗೆ ಓದಲು ಮಗನಿಗೆ ಹೇಳಿದ್ದೆ. ಯಜಮಾನರ ಸ್ಪೀಡಿಗೆ ಅವನಿಗೆ ಎರಡನೇ ಸಾಲು ಯಾವಾಗಲೂ ತಪ್ಪಿಹೋಗುತ್ತಿತ್ತು. ಕೊನೆಗೆ "ಒಂದೂ ಬೇಡ" ಅಂದಿದ್ದವರೇ ಯು-ಟರ್ನ್ ಮಾಡಿ ಒಂದು ಪದ್ಯವನ್ನು ಮೊದಲಿನಿಂದ ಓದಿಸಿದರು.

ಪೆಟ್ರಿಫೈಡ್ ಫಾರೆಸ್ಟ್‌ನಿಂದ ಹೊರಡುವಾಗ ಮಗನ ಜೇಬು ಎರಡು ಸಲ ನೋಡಿದ್ದೆ, ಏನೂ ಇರಲಿಲ್ಲ. ಲಾಸ್ ವೇಗಸ್‌ನಲ್ಲಿ ಬಟ್ಟೆ ಒಗೆಯಲು ಹಾಕುವಾಗ ಮಾವನ ಪ್ಯಾಂಟಿನಿಂದ ಠಣ್ ಅಂತ ಕೆಂಪು ಕಲ್ಲು ಬಿತ್ತು. ನನ್ನ ಎದೆ ಧಸಕ್ ಅಂತು. ಮಾವ ಏನೂ ಮಾತಾಡದೆ ಪರ್ಸ್ ತೆಗೆದು, ನಾಲ್ಕು ಮಡಿಕೆ ಮಾಡಿಟ್ಟಿದ್ದ ಹೋಲ್‌ಬ್ರೂಕ್ ಅಂಗಡಿಯ ಬಿಲ್ ಕೈಗಿಟ್ಟರು.