ಲಾನ್ ಬೋಳಾಗಿದೆ, ಜೇಕು ತುಂಬಿದೆ. ಬೀಜ ಯಾವಾಗ ಹಾಕಲಿ?

ನವನಗರದ ಮಾಸ್ತರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಮನೆ ಮುಂದೆ 24 ಅಡಿ ಉದ್ದ, 16 ಅಡಿ ಅಗಲದ ಲಾನ್. ಐದು ವರ್ಷದ ಹಿಂದೆ, ನಾನು ಶಾಲೆಯಿಂದ ನಿವೃತ್ತನಾದಾಗ ಹಾಕಿಸಿದ್ದು. ಎರಡು ವರ್ಷ ಕಣ್ಣಿಗೆ ಹಬ್ಬದಂತಿತ್ತು. ಸಂಜೆ ನೀರು ಹೊಡೆದು ಅಲ್ಲೇ ಕುರ್ಚಿ ಹಾಕಿ ಚಹಾ ಕುಡಿಯುತ್ತಿದ್ದೆವು.

ಈಗ ಮೂರು ಕಡೆ ಬೋಳಾಗಿದೆ. ಬೇವಿನ ಮರದ ಕೆಳಗೆ ಒಂದು. ಗೇಟಿನ ಹತ್ತಿರ, ಸ್ಕೂಟರ್ ನಿಲ್ಲಿಸುವಲ್ಲಿ ಒಂದು. ನಡುವೆ ಒಂದು, ಅದೇ ದೊಡ್ಡದು. ಅಲ್ಲಿ ಜೇಕು ತುಂಬಿಕೊಂಡಿದೆ. ಅಂಚಿನಲ್ಲಿ ನೆಗ್ಗಿಲ ಬಳ್ಳಿ ಹಬ್ಬಿದೆ. ಹೋದ ವಾರ ಮೊಮ್ಮಗಳು ಬರಿಗಾಲಲ್ಲಿ ಓಡಿ ಹಿಮ್ಮಡಿಗೆ ಮುಳ್ಳು ಚುಚ್ಚಿಸಿಕೊಂಡಳು. ಈಗ ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯುವುದೇ ಇಲ್ಲ ಅಂತಾಳೆ. ಅದು ನನಗೆ ಬಹಳ ಬೇಜಾರಾಯಿತು.

ಸುಮ್ನೆ ಕೂತಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಟ್ರಾಲಿ ಕೆಂಪು ಮಣ್ಣು ತರಿಸಿ ನಡುವಿನ ತಗ್ಗಿಗೆ ಹರಡಿಸಿದೆ. ಹೋದ ನವೆಂಬರ್‌ನಲ್ಲಿ ಆನ್‌ಲೈನ್‌ನಲ್ಲಿ ಅರ್ಧ ಕಿಲೋ ಲಾನ್ ಬೀಜ ತರಿಸಿ ಬಿತ್ತಿದೆ. ಎಂಟೇ ದಿನಕ್ಕೆ ಹುಟ್ಟಿತು, ಡಿಸೆಂಬರ್ ತುಂಬಾ ಹಸಿರಾಗಿತ್ತು. ಮಾರ್ಚ್ ಕೊನೆಗೆ ಪೂರ್ತಿ ಒಣಗಿ ಹೋಯಿತು. ನೀರು ತಪ್ಪಿಸಿರಲಿಲ್ಲ.

ಈಗ ಮೇ ಮೊದಲ ವಾರ. ಮತ್ತೆ ಬೀಜ ಹಾಕುವುದಾದರೆ ಯಾವಾಗ, ಹೇಗೆ? ಜೇಕಿಗೆ ಔಷಧಿ ಹೊಡೆಯಬೇಕಾ? ಉಳಿದ ಹುಲ್ಲು ಸಣ್ಣ ಎಲೆಯದು. ನೆಲಕ್ಕಂಟಿ ಬಳ್ಳಿಯಂತೆ ಹರಿಯುತ್ತದೆ, ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ.

ವಿಜಯಪುರ ಹಂದರ:

ಸರ್, ಔಷಧಿಯ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಬಾಜು ಮನೆಯವರು ಲಾನ್‌ನ ಅಗಲ ಎಲೆ ಕಸಕ್ಕೆ ಅಂತ 2,4-ಡಿ ಹೊಡೆದರು. ಸಂಜೆ ಗಾಳಿ ಜೋರಿತ್ತು. ನಮ್ಮ ಮನೆಯ ಹಂದರದ ಮೇಲೆ ದ್ರಾಕ್ಷಿ ಬಳ್ಳಿ ಇದೆ. ಕೆಲವೇ ದಿನದಲ್ಲಿ ಅದರ ಚಿಗುರೆಲೆಗಳು ಬೀಸಣಿಗೆ ಮಡಚಿದ ಹಾಗೆ ಮುದುಡಿ ಬಂದವು. ದ್ರಾಕ್ಷಿ, ಹತ್ತಿ, ಟೊಮೆಟೊ ಆ ಔಷಧಿಯನ್ನು ತಡೆಯುವುದಿಲ್ಲ. ನಿಮ್ಮ ಸುತ್ತ ಯಾರಾದರೂ ಇವನ್ನು ಬೆಳೆದಿದ್ದರೆ ದಯವಿಟ್ಟು ಗಾಳಿಯಲ್ಲಿ ಹೊಡೆಯಬೇಡಿ. ಅದೂ ಅಲ್ಲದೆ ಜೇಕು ಅಗಲ ಎಲೆ ಕಸವೂ ಅಲ್ಲ. ಮೇಲಿನ ಎಲೆ ಸುಟ್ಟರೂ ಗಡ್ಡೆ ಮತ್ತೆ ಚಿಗುರುತ್ತದೆ.

ವಿದ್ಯಾಗಿರಿ ಹುಲ್ಲಂಗಳ:

ಗುರುಗಳೇ, ನಮಸ್ಕಾರ. ನಾನು, ನಮ್ಮ ಯಜಮಾನರು ಇಬ್ಬರೂ ಬಾಗಲಕೋಟೆಯಲ್ಲಿ 18 ವರ್ಷದಿಂದ ಲಾನ್ ಹಾಕುವ ಕೆಲಸ ಮಾಡುತ್ತೇವೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಬೀಜದ ಮಾತು ಆಮೇಲೆ. ಮೂರು ಕಡೆಯ ಬೋಳಿಗೂ ಕಾರಣ ಬೇರೆ ಬೇರೆ. ಆ ಕಾರಣ ತೆಗೆಯದೆ ಎಷ್ಟು ಬೀಜ ಹಾಕಿದರೂ ನೆಲಕ್ಕೆ ದುಡ್ಡು ಸುರಿದ ಹಾಗೆ.

ಮೊದಲು ಆ ಆನ್‌ಲೈನ್ ಪಾಕೀಟು ಇದ್ದರೆ ಹಿಂದೆ ತಿರುಗಿಸಿ ನೋಡಿ. ಸಣ್ಣ ಅಕ್ಷರದಲ್ಲಿ ರೈ ಗ್ರಾಸ್ ಅಥವಾ ಫೆಸ್ಕ್ಯೂ ಅಂತ ಇರಬಹುದು. ಅವು ಚಳಿ ದೇಶದ ಹುಲ್ಲು. ನಮ್ಮ ಚಳಿಗಾಲದಲ್ಲಿ ಚೆನ್ನಾಗಿ ಬರುತ್ತವೆ, ಬಿಸಿಲು ಏರಿದರೆ ಸಾಯುತ್ತವೆ. ನೀವು ತಪ್ಪು ಮಾಡಿಲ್ಲ, ಹುಲ್ಲೇ ಈ ಊರಿನದಲ್ಲ. ನಿಮ್ಮಲ್ಲಿ ಉಳಿದಿರುವುದು ಕರಿಕಿ, ಗಣಪತಿಗೆ ಏರಿಸುವ ಅದೇ ಗರಿಕೆ. ಈ ಬಿಸಿಲಿಗೆ ಅದರಷ್ಟು ಗಟ್ಟಿ ಹುಲ್ಲು ಇನ್ನೊಂದಿಲ್ಲ.

ಬೇವಿನ ಕೆಳಗೆ: ಕರಿಕಿಗೆ ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಕೆಳಗಿನ ಟೊಂಗೆ ಕಡಿಸಿದರೂ ಅಷ್ಟು ಸಿಗದಿದ್ದರೆ ಹುಲ್ಲಿನ ಆಸೆ ಬಿಡಿ. ನಾಲ್ಕು ಶಹಾಬಾದಿ ಫರ್ಸಿ ಕಲ್ಲು ಹಾಸಿ ಕುರ್ಚಿಗಳನ್ನು ಅಲ್ಲಿಗೆ ಸರಿಸಿ. ನೀರು ನಿತ್ಯ ಹಾಕುವುದಾದರೆ ಸುತ್ತ ಒಂದೆಲಗ ಹಚ್ಚಿ, ನೆರಳಲ್ಲೂ ಹಬ್ಬುತ್ತದೆ.

ಗೇಟಿನ ಹತ್ತಿರ: ಸಂಜೆ ನೀರು ಹಾಕಿ, ಬೆಳಿಗ್ಗೆ ಹಳೆಯ ಸೈಕಲ್ ಕಡ್ಡಿಯೊಂದನ್ನು ನೆಲಕ್ಕೆ ಒತ್ತಿ. ಮೂರು ಇಂಚು ಸಲೀಸಾಗಿ ಇಳಿಯಬೇಕು. ಇಳಿಯದಿದ್ದರೆ ಮಣ್ಣು ತುಳಿದು ಗಟ್ಟಿಯಾಗಿದೆ, ಬೇರಿಗೆ ದಾರಿಯೇ ಇಲ್ಲ. ಹಾರೆಯಿಂದ ಸಡಿಲಿಸಿ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಬರೀ ಉಸುಕು ಸುರಿಯಬೇಡಿ, ಎರೆ ಮಣ್ಣಿಗೆ ಅದು ಇನ್ನೂ ಬಿಗಿಯುತ್ತದೆ. ಸ್ಕೂಟರ್‌ಗೆ ಬೇರೆ ಜಾಗ ಮಾಡಲೇಬೇಕು.

ಇನ್ನು ನಡುವಿನ ಜೇಕು. ಅದು ಆ ಟ್ರಾಲಿ ಮಣ್ಣಿನ ಜೊತೆಗೇ ಬಂದಿರಬೇಕು, ನಾವು ನೋಡಿದ ಮನೆಗಳಲ್ಲಿ ಬಹಳಷ್ಟು ಸಲ ಹೀಗೇ ಆಗಿದೆ. ಒಂದು ಗಿಡವನ್ನು ಎಳೆಯದೆ, ಕುರ್ಪಿಯಿಂದ ಸುತ್ತ ಬಿಡಿಸಿ ಮೆಲ್ಲಗೆ ಎತ್ತಿ ನೋಡಿ. ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ಕೈಗೆ ತಾಗುತ್ತದೆ. ಕೆಳಗೆ ದಾರದಂಥ ಕಪ್ಪು ಬೇರು, ಅದರ ತುದಿಗೆ ಕಡಲೆ ಗಾತ್ರದ ಗಡ್ಡೆ, ಅಲ್ಲಿಂದ ಇನ್ನೊಂದು ದಾರ, ಇನ್ನೊಂದು ಗಡ್ಡೆ. ಮಣಿಸರದ ಹಾಗೆ. ಉಗುರಿನಿಂದ ಚಿವುಟಿದರೆ ಒಳ್ಳೆಯ ವಾಸನೆ ಬರುತ್ತದೆ. ಮೇಲಿನಿಂದ ಕಿತ್ತರೆ ದಾರ ಹರಿಯುತ್ತದೆ, ಒಳಗೆ ಮಲಗಿದ್ದ ಗಡ್ಡೆಗಳೆಲ್ಲ ಎದ್ದು ಚಿಗುರುತ್ತವೆ. ಒಂದು ಕಿತ್ತರೆ ಮೂರು ಹುಟ್ಟುತ್ತದೆ ಅನ್ನುವುದು ಇದಕ್ಕೇ.

ಹಾಗಾಗಿ ಈ ಮೇ ಬಿಸಿಲನ್ನು ಕಳೆದುಕೊಳ್ಳಬೇಡಿ. ನೆಲ ಒಣಗಿದಾಗಲೇ ಒಂದು ಗೇಣು ಆಳ ಅಗೆಸಿ, ಹೆಂಟೆ ಒಡೆದು ಗಡ್ಡೆ ಆರಿಸಿ. ಬಹುಪಾಲು ಆ ಗೇಣಿನೊಳಗೇ ಇರುತ್ತವೆ. ಆರಿಸಿದ್ದನ್ನು ತಿಪ್ಪೆಗೆ ಎಸೆಯದೆ, ಮಾಳಿಗೆ ಮೇಲೆ ಹರಡಿ ಗಲಗಲ ಅನ್ನುವವರೆಗೆ ಒಣಗಿಸಿ. ಒಣಗಿದರೆ ಅದು ಸಾಯುತ್ತದೆ. ಅಲ್ಲೇ ಸಿಗುವ ಕರಿಕಿ ಬಳ್ಳಿಗಳನ್ನು ಬಕೆಟ್ ನೀರಿನಲ್ಲಿ ತೊಳೆದು, ಗಡ್ಡೆ ಅಂಟಿಲ್ಲ ಅಂತ ನೋಡಿ, ಬುಟ್ಟಿ ಮಣ್ಣಿನಲ್ಲಿ ನೆಟ್ಟಿಡಿ. ಬೇಕಾಗುತ್ತದೆ.

ಜೂನ್ 7-8ಕ್ಕೆ ಮಿರಗ, ಅಂದರೆ ಮೃಗಶಿರ ಮಳೆ, ಕೂಡುತ್ತದೆ. ಮಳೆ ಬಿದ್ದ ಕೂಡಲೇ ಬಿತ್ತುವ ಆತುರ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ. ಆ ಹಸಿಗೆ ಉಳಿದ ಜೇಕು, ನೆಗ್ಗಿಲು, ಕಾಂಗ್ರೆಸ್ ಕಸ ಎಲ್ಲ ಮೇಲೆ ಬರಲಿ. ಎಳೆಯದಿರುವಾಗಲೇ ತೆಗೆಯಿರಿ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ನೆಗ್ಗಿಲು ಕಾಯಿ ಕಟ್ಟುವ ಮೊದಲೇ ಬೇರು ಸಮೇತ ಹೋಗಬೇಕು. ಈಗಾಗಲೇ ಉದುರಿದ ಮುಳ್ಳಿಗೆ ಒದ್ದೆ ಗೋಣಿಚೀಲವನ್ನು ನೆಲದ ಮೇಲೆ ಎಳೆಯಿರಿ, ಅಂಟಿಕೊಂಡು ಬರುತ್ತವೆ.

ಜುಲೈ ಮೊದಲ ವಾರ, ಪುನರ್ವಸು ಮಳೆ ಶುರುವಾದಾಗ ಹುಲ್ಲಿನ ಕೆಲಸ. ಬೀಜವೇ ಬೇಕೆಂದರೆ ಸಿಪ್ಪೆ ತೆಗೆದ ಬರ್ಮುಡಾ ಬೀಜ ತನ್ನಿ, ಬರ್ಮುಡಾ ಅಂದರೆ ಕರಿಕಿಯೇ. ಬೋಳಿಗೆ ಮಾತ್ರ ಅಂದರೆ 100 ಗ್ರಾಂ ಸಾಕು. ಅದು ಎಳ್ಳಿಗಿಂತ ಸಣ್ಣ. ಎಳ್ಳು ಬಿತ್ತುವಾಗ ಉಸುಕು ಬೆರೆಸುತ್ತಾರಲ್ಲ, ಹಾಗೇ ಬೆರೆಸಿ. ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಚೆಲ್ಲಿ. ಮೇಲೆ ಜರಡಿ ಹಿಡಿದ ಎರೆಹುಳು ಗೊಬ್ಬರ ತೆಳ್ಳಗೆ, ಕಾಲು ಇಂಚಿಗಿಂತ ಜಾಸ್ತಿ ಬೇಡ. ಜುಲೈನಲ್ಲಿ ನಮ್ಮ ಕಡೆ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಬರುವುದಿಲ್ಲ, ಅಲ್ವಾ? ಮೇಲ್ಮಣ್ಣು ಒಂದೇ ತಾಸಿನಲ್ಲಿ ಒಣಗುತ್ತದೆ. ಅದಕ್ಕೆ ಹಳೆಯ ವಾಯಿಲ್ ಸೀರೆ ಹಾಸಿ, ಅಂಚಿಗೆ ಕಲ್ಲಿಟ್ಟು, ದಿನಕ್ಕೆ ಮೂರು ಸಲ ಝಾರಿಯಿಂದ ಮೆಲ್ಲಗೆ ನೀರು ಹಾಕಿ. ಮೊಳಕೆ ಕಂಡ ದಿನ ಸೀರೆ ತೆಗೆಯಿರಿ.

ಆದರೆ ನನ್ನ ಮನಸ್ಸಿನ ಮಾತು ಬೇರೆ. ಇಷ್ಟು ಸಣ್ಣ ಜಾಗಕ್ಕೆ ಬೀಜ ಬೇಡ. ಬುಟ್ಟಿಯಲ್ಲಿ ಇಟ್ಟ ನಿಮ್ಮದೇ ಕರಿಕಿಯನ್ನು ಎರಡು ಇಂಚಿನ ತುಂಡು ಮಾಡಿ. ಪ್ರತಿ ತುಂಡಿಗೂ ಗಿಣ್ಣು ಇರಲಿ. ಸಗಣಿ, ಕೆಂಪು ಮಣ್ಣು, ನೀರು ಸೇರಿಸಿ ಗೋಡೆಗೆ ಮೆತ್ತುವ ಹದಕ್ಕೆ ಕಲಸಿ, ತುಂಡುಗಳನ್ನು ಅದರಲ್ಲಿ ಬೆರೆಸಿ, ತೇವದ ನೆಲಕ್ಕೆ ಒಂದಿಂಚು ದಪ್ಪ ಬಳಿಯಿರಿ. ಮೇಲೆ ತೆಳ್ಳಗೆ ಒಣ ಮಣ್ಣು. ಎರಡು ವಾರಕ್ಕೆ ಚಿಗುರು ಕಾಣುತ್ತದೆ. ಅದೇ ತಳಿ, ಅದೇ ಬಣ್ಣ, ತೇಪೆ ಹಚ್ಚಿದ ಹಾಗೆ ಕಾಣುವುದಿಲ್ಲ. ಆರು ವಾರ ಯಾರೂ ತುಳಿಯಬಾರದು. ಕಸ ಹುಟ್ಟದಂತೆ ತಡೆಯುವ ಔಷಧಿಗಳು ಹುಲ್ಲಿನ ಬೀಜವನ್ನೂ ಹುಟ್ಟಗೊಡುವುದಿಲ್ಲ, ಎಳೆ ಬೇರಿಗೂ ಕೆಟ್ಟದ್ದು. ಈ ಮಳೆಗಾಲದಲ್ಲಿ ಅವು ಬೇಡವೇ ಬೇಡ.

ಟಿಳಕವಾಡಿ ಮಳೆ:

ಅಕ್ಕಾರು ಹೇಳಿದ್ದು ಬಾಗಲಕೋಟೆಗೆ ಸರಿ. ಬೆಳಗಾವಿಯವರು ಇದನ್ನು ಓದಿ ಜುಲೈನಲ್ಲಿ ಬಿತ್ತಬೇಡಿ ಅಂತ ಹೇಳಲೇಬೇಕು. ಇಲ್ಲಿ ಜೂನ್ ಕೊನೆಯಿಂದ ಹಗಲು ರಾತ್ರಿ ಮಳೆ, ಸೂರ್ಯನ ಮುಖ ಕಾಣುವುದೇ ಅಪರೂಪ. ನಾನು ಒಂದು ವರ್ಷ ಜುಲೈನಲ್ಲಿ ಚೆಲ್ಲಿದ ಬೀಜ ಇಳಿಜಾರಿಗೆ ಹರಿದು, ಗಟಾರದ ಅಂಚಿನಲ್ಲಿ ಸಾಲಾಗಿ ಹುಟ್ಟಿತು. ಅಂಗಳದಲ್ಲಿ ಬರೀ ಹಾವಸೆ. ಮರುವರ್ಷ ಸೆಪ್ಟೆಂಬರ್ ನಡುವೆ, ಮಳೆ ತಗ್ಗಿ ಬಿಸಿಲು ಬಿದ್ದ ಮೇಲೆ ಹಾಕಿದೆ. ನೆಲದಲ್ಲಿ ಹಸಿ ಇತ್ತು, ಬೆಚ್ಚಗೂ ಇತ್ತು. ದೀಪಾವಳಿಗೆ ಮೊದಲ ಸಲ ಕತ್ತರಿಸಿದೆ. ನವೆಂಬರ್‌ಗೆ ತಳ್ಳಿದರೆ ಮಾತ್ರ ಚಳಿಗೆ ಕರಿಕಿ ಏಳುವುದಿಲ್ಲ.

ನವನಗರದ ಮಾಸ್ತರ:

ಅಕ್ಕಾರೆ, ಕೈ ಮುಗಿದೆ. ಪಾಕೀಟು ಸಿಕ್ಕಿತು. ಹಿಂದೆ ರೈ ಗ್ರಾಸ್ ಅಂತಲೇ ಇದೆ. ಸೈಕಲ್ ಕಡ್ಡಿ ಗೇಟಿನ ಹತ್ತಿರ ಒಂದು ಇಂಚಿಗೇ ನಿಂತು ಬಾಗಿತು. ನಡುವೆ ಒಂದು ಮೊಳ ಚೌಕ ಮಾತ್ರ ಅಗೆದು ನೋಡಿದೆ, 43 ಗಡ್ಡೆ ಸಿಕ್ಕವು. ಮೊಮ್ಮಗಳೇ ಎಣಿಸಿದಳು. ಎಲ್ಲವೂ ಈಗ ಮಾಳಿಗೆ ಮೇಲಿವೆ. ಒಂದು ಸಂಶಯ: ಹೊಸ ಹುಲ್ಲನ್ನು ಮೊದಲ ಸಲ ಯಾವಾಗ ಕತ್ತರಿಸಬೇಕು?

ವಿದ್ಯಾಗಿರಿ ಹುಲ್ಲಂಗಳ:

ಎರಡೂವರೆ ಇಂಚು ಎದ್ದ ಮೇಲೆ, ಗುರುಗಳೇ. ಮೇಲಿನ ಮೂರರಲ್ಲಿ ಒಂದು ಪಾಲು ಮಾತ್ರ. ಕತ್ತರಿ ಹರಿತವಿರಲಿ, ನೆಲ ಒಣಗಿರಲಿ. ಎಳೆ ಬೇರು ಮೇಲೆದ್ದು ಬರಬಾರದು. ಗಣಪತಿ ಹಬ್ಬದ ಹೊತ್ತಿಗೆ ಹೆಚ್ಚುಕಡಿಮೆ ನೆಲ ಮುಚ್ಚಿರುತ್ತದೆ.

ನವನಗರದ ಮಾಸ್ತರ:

ಸರಿ ಅಕ್ಕಾರೆ. ಫರ್ಸಿಗೆ ಹೇಳಿ ಬಂದೆ. ಸ್ಕೂಟರ್ ಇವತ್ತಿನಿಂದ ಗೇಟಿನ ಹೊರಗೆ. ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಇನ್ನೊಂದು ಮೊಳ ಅಗೆಯುತ್ತೇವೆ.