ಅಪ್‌ಡೇಟ್: ಕೆಲಸ ಬಿಟ್ಟು ಅನ್ನ ಬಡಿಸಲು ಹೊರಟವನ ವರದಿ

ನಾನು ಚಿಕ್ಕಮಗಳೂರಿನ ರೆಸಾರ್ಟ್ ಒಂದರಲ್ಲಿ ಬಾಣಸಿಗ. ಕೆಲಸ ಬಿಟ್ಟು, ಹಾಸನದ ಆಸ್ಪತ್ರೆಗೆ ಹಳ್ಳಿಗಳಿಂದ ಬರುವ ಬಡ ರೋಗಿಗಳ ಜೊತೆಗಾರರಿಗೆ ಅಡುಗೆ ಮಾಡಲೇ ಎಂದು ಕಳೆದ ವರ್ಷ ತಮ್ಮೆಲ್ಲರನ್ನೂ ಕೇಳಿದ್ದೆ. ಹಿರಿಯರೊಬ್ಬರು, ಬೆಂಗಳೂರಿನ ತಾಜ್ ಹೋಟೆಲಿನ ಬಾಣಸಿಗ ವೃತ್ತಿ ತೊರೆದು ಮಧುರೈಯಲ್ಲಿ ನಿರ್ಗತಿಕರಿಗೆ ಉಣಬಡಿಸಿದ, 2010ರಲ್ಲಿ ಸಿಎನ್‌ಎನ್ ಗೌರವಿಸಿದ ನಾರಾಯಣನ್ ಕೃಷ್ಣನ್ ಅವರನ್ನು ನೆನಪಿಸಿದ್ದರು. ಇನ್ನೊಬ್ಬರು, ಮೊದಲು ವಾರಕ್ಕೊಂದು ದಿನ ಮಾಡಿ ನೋಡಿ ಎಂದಿದ್ದರು. ಎರಡನೆಯ ಮಾತನ್ನು ಪಾಲಿಸಿದೆ.

ಈಗ ಪ್ರತಿ ಸೋಮವಾರ, ನನ್ನ ರಜೆಯಂದು, 80 ಜನರಿಗೆ ಅಡುಗೆಯಾಗುತ್ತದೆ. ಶಾಲೆಯ ಬಿಸಿಯೂಟದಲ್ಲಿ ಹಿರಿಯ ಪ್ರಾಥಮಿಕ ತರಗತಿಯ ಮಗುವಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ ಎಂಬ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು 12 ಕಿಲೋ ಅಕ್ಕಿ, ಎರಡೂವರೆ ಕಿಲೋ ತೊಗರಿಬೇಳೆ ತೆಗೆದುಕೊಳ್ಳುತ್ತೇನೆ. ನಮ್ಮ ಸೀಮೆಯವರಿಗೆ ರಾಗಿ ಮುದ್ದೆಯೇ ಊಟವೆಂಬುದು ನನಗೆ ಗೊತ್ತು. ಆದರೆ ಸಾಗಿಸುವಷ್ಟರಲ್ಲಿ ಅದು ಆರಿ ಗಟ್ಟಿಯಾಗುತ್ತದೆ, ಹೀಗಾಗಿ ಅನ್ನ, ಸೊಪ್ಪಿನ ಸಾರು, ಹಾಸನದ ಆಲೂಗಡ್ಡೆ ಪಲ್ಯಕ್ಕೆ ನಿಂತೆ. ಬಿಸಿ ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದೆಂಬ ಹೋಟೆಲಿನ ಪಾಠ ಇಲ್ಲಿ ಇನ್ನೂ ಮುಖ್ಯ, ಏಕೆಂದರೆ ಒಂದು ಪಾಲು ವಾರ್ಡಿನೊಳಗೂ ಹೋಗುವುದುಂಟು.

ಮೊದಲ ತಿಂಗಳು ಸೊಪ್ಪಿನ ಸಾರಿಗೆ ಹೋಟೆಲಿನ ಅಳತೆಯಲ್ಲೇ ಎಣ್ಣೆ, ಖಾರ ಹಾಕಿದ್ದೆ. ಅಜ್ಜಿಯೊಬ್ಬರು, "ಮಗಾ, ರಾತ್ರಿಯೆಲ್ಲ ನಿದ್ದೆಗೆಟ್ಟ ಹೊಟ್ಟೆಗೆ ಇದು ಉರಿಯುತ್ತೆ ಕಣಪ್ಪ" ಎಂದ ಮೇಲೆ ಎರಡನ್ನೂ ಅರ್ಧಕ್ಕಿಳಿಸಿದೆ. ರೆಸಾರ್ಟಿನ ಕೆಲಸವನ್ನು ಬಿಟ್ಟಿಲ್ಲ, ಅದರ ಸಂಬಳದಿಂದಲೇ ಅಕ್ಕಿ ಬರುತ್ತಿದೆ. ಮುಂದಿನ ತಿಂಗಳಿನಿಂದ ಸಹೋದ್ಯೋಗಿಯೊಬ್ಬರು ಗುರುವಾರದ ಅಡುಗೆಯನ್ನು ವಹಿಸಿಕೊಳ್ಳಲಿದ್ದಾರೆ.